ಬಿಸ್ಕತ್ತಿನ ಬೆನ್ನ ಮೇಲೊಂದು ಮರ

“ಅತ್ತೆ, ಇದನ್ನ ಎತ್ತೋಕೇ ಆಗ್ತಿಲ್ಲ!”

ಲಾಯದ ಬಾಗಿಲಲ್ಲಿ ನಿಂತು ನನ್ನ ಅಣ್ಣನ ಮಗಳು ಪುಟ್ಟಿ ಏದುಸಿರು ಬಿಡುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ. ಬೆಂಗಳೂರಿನಲ್ಲಿದ್ದಾಗ ಎರಡು ವರ್ಷ, ಭಾನುವಾರ ಬೆಳಗಾದರೆ ಸಾಕು, ಕುದುರೆ ಸವಾರಿ ಕಲಿಯಲು ಓಡುತ್ತಿದ್ದವಳು. ಅವಳಪ್ಪನಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸವಾಗಿ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಕಳೆದ ಚಳಿಗಾಲ ನಾನು ಹೋಗಿದ್ದಾಗ, ತನ್ನ ವಿದ್ಯೆ ತೋರಿಸಲೆಂದೇ ಊರಾಚೆಯ ಕುದುರೆ ಅಂಗಳಕ್ಕೆ ನನ್ನನ್ನು ಎಳೆದುಕೊಂಡು ಹೋಗಿದ್ದಳು.

ಅವಳ ಎರಡೂ ತೋಳಿನ ಮೇಲೆ ಒಂದು ಜೀನು. ಕೊಂಬು ಮೂಡಿದ ಚರ್ಮದ ಕುರ್ಚಿ ಅಂದರೂ ನಡೆದೀತು. ಬೆಂಗಳೂರಿನಲ್ಲಿ ಅವಳು ಒಂದೇ ತೋಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದ ಜೀನು ಆರೇಳು ಕಿಲೊ. ಇದು 15 ಕಿಲೊ. ಹುಡುಗಿಯೇ 33 ಕಿಲೊ!

ನಮ್ಮ ದೇಶದ ಸವಾರಿ ಶಾಲೆಗಳಲ್ಲಿ ಕಲಿಸುವುದು ಹೆಚ್ಚಾಗಿ ಇಂಗ್ಲಿಷ್ ಪದ್ಧತಿ. ಬ್ರಿಟಿಷರ ಅಶ್ವದಳದಿಂದ ಬಂದ ಬಳುವಳಿ ಅದು. ಆ ಜೀನು ಬೇಟೆ, ಓಟ, ಬೇಲಿ ಹಾರಾಟಗಳಿಗೆಂದು ಹಗುರವಾಗಿ ಬೆಳೆದದ್ದು. ಟೆಕ್ಸಾಸ್‌ನ ಜೀನಿನ, ಅಂದರೆ ವೆಸ್ಟರ್ನ್ ಜೀನಿನ, ಕಥೆಯೇ ಬೇರೆ. 1519ರಲ್ಲಿ ಸ್ಪೇನಿನ ಕೊರ್ಟೆಸ್ 16 ಕುದುರೆಗಳೊಂದಿಗೆ ಮೆಕ್ಸಿಕೊದಲ್ಲಿ ಇಳಿದ. ಆಮೇಲೆ ಅಲ್ಲಿ ದನದ ಹಿಂಡು ಬೆಳೆಯಿತು, ಕುದುರೆ ಮೇಲೆ ಕೂತು ದನ ಕಾಯುವವರು ಹುಟ್ಟಿಕೊಂಡರು, ಅವರನ್ನು ನೋಡಿ ಟೆಕ್ಸಾಸ್‌ನ ಕೌಬಾಯ್‌ಗಳು ಕಲಿತರು. ಬೆಳಗಿನಿಂದ ಸಂಜೆವರೆಗೆ ಜೀನಿನ ಮೇಲೇ ಇರಬೇಕು, ಓಡುವ ಹೋರಿಗೆ ಹಗ್ಗದ ಕುಣಿಕೆ ಎಸೆಯಬೇಕು, ಬಿದ್ದ ಹಗ್ಗದ ಈ ತುದಿಯನ್ನು ಯಾವುದಕ್ಕಾದರೂ ಸುತ್ತಿ ಹಿಡಿಯಬೇಕು. ಜೀನಿನ ಮುಂದೆ ಕಾಣುವ ಕೊಂಬು ಇರುವುದು ಅದಕ್ಕೇ. ಹೊಸದಾಗಿ ಹತ್ತಿದವರು ಅದನ್ನು ಹಿಡಿದುಕೊಳ್ಳುವ ಹಿಡಿಕೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅಂತೂ ಇಬ್ಬರೂ ಸೇರಿ ಜೀನನ್ನು ಕುದುರೆಯ ಬೆನ್ನಿಗೇರಿಸಿದೆವು. ಕುದುರೆಯ ಹೆಸರು ಬಿಸ್ಕತ್ತು. ಬಣ್ಣವೂ ಚಹಾದಲ್ಲಿ ಅದ್ದಿದ ಬಿಸ್ಕತ್ತಿನದೇ. ಪುಟ್ಟಿ ಹೊಟ್ಟೆಯ ಪಟ್ಟಿ ಬಿಗಿದಳು, ಹತ್ತಿದಳು, ನಾಲ್ಕು ಹೆಜ್ಜೆ ನಡೆಸಿದಳು. ಬಿಸ್ಕತ್ತು ಕಿವಿಯನ್ನು ಹಿಂದಕ್ಕೆ ಮಡಚಿತು. ನೊಣವಿಲ್ಲದಿದ್ದರೂ ಬಾಲ ಬೀಸಿತು. ಹೆಜ್ಜೆಗಳಂತೂ ಬಿಗಿ ಸೀರೆ ಉಟ್ಟವರ ಹಾಗೆ ಚಿಕ್ಕ ಚಿಕ್ಕದು.

“ಸೋಮಾರಿ ಕಣತ್ತೆ ಇದು,” ಅಂದಳು.

ಲಾಯ ನೋಡಿಕೊಳ್ಳುವ ಅಜ್ಜ ದೂರದಿಂದಲೇ ತಲೆಯಾಡಿಸಿದರು. ಹತ್ತಿರ ಬಂದು ಅವಳನ್ನು ಇಳಿಸಿ, ಜೀನು ತೆಗೆಸಿ, ಅವಳ ಅಂಗೈಯನ್ನು ಕುದುರೆಯ ಹೆಗಲ ಮೇಲಿಟ್ಟರು. ಆಮೇಲೆ ತಾವು ಮುಂದೆ ಹೋಗಿ ಕುದುರೆಯ ಮುಂಗಾಲನ್ನು ಎತ್ತಿ ಮೆಲ್ಲಗೆ ಮುಂದಕ್ಕೆ ಚಾಚಿದರು.

“ಅಯ್ಯೋ, ಒಳಗಡೆ ಏನೋ ಹಿಂದಕ್ಕೆ ಬಂತು!”

ನೀವೂ ಇದನ್ನು ಮನೆಯಲ್ಲೇ ನೋಡಬಹುದು, ಕುದುರೆ ಬೇಕಿಲ್ಲ. ತಮ್ಮನನ್ನೋ ತಂಗಿಯನ್ನೋ ಅಂಬೆಗಾಲಿಡಲು ಹೇಳಿ. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯ ಹಾಗಿರುವ ಚಪ್ಪಟೆ ಮೂಳೆಯ ಮೇಲೆ ಕೈಯಿಡಿ. ಅದೇ ಹೆಗಲ ಮೂಳೆ. ಒಂದೊಂದು ಸಲ ಕೈ ಮುಂದೆ ಚಾಚಿದಾಗಲೂ ಅದು ಚರ್ಮದಡಿ ಜಾರುವುದು ತಿಳಿಯುತ್ತದೆ. ಇನ್ನು ನಿಮ್ಮ ಕೊರಳಿನ ಬುಡ ಮುಟ್ಟಿಕೊಳ್ಳಿ. ಅಲ್ಲಿಂದ ಭುಜದವರೆಗೆ ಅಡ್ಡಲಾಗಿ ಒಂದು ಸಣ್ಣ ಮೂಳೆ ಸಿಗುತ್ತದಲ್ಲವೆ? ನಮ್ಮ ತೋಳನ್ನು ಎದೆಗೂಡಿಗೆ ಮೂಳೆಯ ಮೂಲಕ ಜೋಡಿಸಿರುವುದು ಅದೊಂದೇ. ಕುದುರೆಗೆ ಆ ಮೂಳೆಯೇ ಇಲ್ಲ! ಅದರ ಮುಂಗಾಲುಗಳಿಗೂ ಮೈಗೂ ನಡುವೆ ಮೂಳೆಯ ಕೀಲು ಒಂದೂ ಇಲ್ಲ. ಎದೆಗೂಡು ಎರಡು ಕಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ, ಸೀರೆ ಜೋಲಿಯಲ್ಲಿ ಮಲಗಿದ ಕೂಸಿನ ಹಾಗೆ. ಹಾಗಾಗಿ ಕುದುರೆಯ ಹೆಗಲ ಮೂಳೆ ಬಲು ಸಲೀಸಾಗಿ ಓಲಾಡುತ್ತದೆ. ಕಾಲು ಮುಂದೆ ಹೋದಾಗ ಮೂಳೆಯ ಮೇಲ್ತುದಿ ಹಿಂದಕ್ಕೆ ಬರುತ್ತದೆ, ಏತದ ಒಂದು ತುದಿ ಇಳಿದರೆ ಇನ್ನೊಂದು ಏಳುವಂತೆ.

ಹಾಗೆ ಹಿಂದಕ್ಕೆ ಬರುವ ಜಾಗದಲ್ಲಿ ಜೀನಿನ ಗಟ್ಟಿ ಮೂತಿ ಕೂತಿದ್ದರೆ? ಪ್ರತಿ ಹೆಜ್ಜೆಗೂ ಮೂಳೆ ಹೋಗಿ ಅದಕ್ಕೆ ಗುದ್ದುತ್ತದೆ. ಬಿಸ್ಕತ್ತು ಸೋಮಾರಿಯಾಗಿರಲಿಲ್ಲ, ಉದ್ದ ಹೆಜ್ಜೆ ಇಟ್ಟರೆ ಅದಕ್ಕೆ ನೋಯುತ್ತಿತ್ತು.

ಪುಟ್ಟಿ ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ, ಇಂಗ್ಲಿಷ್ ಜೀನಿಗೆ ಒಗ್ಗಿದ ಎಷ್ಟೋ ದೊಡ್ಡವರೂ ಅಲ್ಲೇ ಎಡವುತ್ತಾರೆ. ಅವಳ ಕಣ್ಣಿಗೆ ಹಳೆಯ ಜೀನಿನ ಅಂಚು ಎಲ್ಲಿ ಬರುತ್ತಿತ್ತು ಅನ್ನುವುದು ರೂಢಿಯಾಗಿತ್ತು. ಹೊಸ ಜೀನಿನ ಅಂಚನ್ನೂ ಅಂದಾಜಿನ ಮೇಲೆ ಅಲ್ಲಿಗೇ ತಂದು ಕೂರಿಸಿದಳು. ಆದರೆ ವೆಸ್ಟರ್ನ್ ಜೀನಿನಲ್ಲಿ ಹೊರಗೆ ಕಾಣುವುದೆಲ್ಲ ಬರೀ ಚರ್ಮ, ಲಂಗದ ನೆರಿಗೆಯ ಹಾಗೆ ಸುತ್ತ ಇಳಿಬಿದ್ದ ಚರ್ಮ. ಭಾರ ಹೊರುವ ಗಟ್ಟಿ ಭಾಗ ಅದರೊಳಗೆ ಅಡಗಿದೆ. ಚರ್ಮ ಹೆಗಲ ಮೇಲೆ ಬಂದರೆ ತೊಂದರೆಯಿಲ್ಲ, ಅದು ಬಾಗುತ್ತದೆ. ಒಳಗಿರುವುದು ಬಾಗುವುದಿಲ್ಲ.

ಒಳಗಿರುವುದಕ್ಕೆ ಹೆಸರು ‘ಟ್ರೀ’. ಹೌದು, ಮರ! ಇಂಗ್ಲಿಷ್ ಜೀನಿಗೂ ಒಂದು ಟ್ರೀ ಇದೆ, ಆದರೆ ವೆಸ್ಟರ್ನ್ ಜೀನಿನದು ನಿಜಕ್ಕೂ ಮರವೆನ್ನಿಸುವಂಥದ್ದು. ಪೈನ್ ಮರದ ತುಂಡುಗಳನ್ನು ಕೆತ್ತಿ ಜೋಡಿಸಿ, ಮೇಲೆ ಹಸಿ ಚರ್ಮ ಸುತ್ತಿ ಹೊಲಿಯುತ್ತಾರೆ. ಒಣಗುತ್ತಾ ಒಣಗುತ್ತಾ ಚರ್ಮ ಕುಗ್ಗಿ, ಬೆಂಕಿಗೆ ಹಿಡಿದ ತಮಟೆಯ ಹಾಗೆ ಬಿಗಿಯಾಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಈಗೀಗ ಚರ್ಮದ ಬದಲು ಫೈಬರ್‌ಗ್ಲಾಸ್ ಹಚ್ಚುವುದೂ ಉಂಟು. ಟ್ರೀಯ ಕೆಳಗೆ ಎರಡು ಉದ್ದ ಹಲಗೆಗಳು, ಬೆನ್ನುಮೂಳೆಯ ಆಚೆಗೊಂದು ಈಚೆಗೊಂದು. ಇವಕ್ಕೆ ‘ಬಾರ್’ ಅನ್ನುತ್ತಾರೆ. ಜೀನು, ಸವಾರ, ಹಗ್ಗದಲ್ಲಿ ಜಗ್ಗುವ ಹೋರಿ, ಎಲ್ಲದರ ಭಾರವೂ ಕುದುರೆಗೆ ತಲುಪುವುದು ಈ ಎರಡು ಹಲಗೆಗಳ ಮೂಲಕವೇ. ಬೆನ್ನುಮೂಳೆಯ ಮೇಲೆ ಮಾತ್ರ ಏನೂ ತಾಗಬಾರದು. ಅಲ್ಲಿ ಒಂದು ಓಣಿ ಖಾಲಿಯಿರಬೇಕು.

ಇಲ್ಲಿಂದ ಮುಂದೆ ಎಲ್ಲವೂ ಒತ್ತಡದ ಲೆಕ್ಕ. ಪೆನ್ನಿನ ಹಿಂಬದಿಯಿಂದ ಅಂಗೈ ಒತ್ತಿಕೊಳ್ಳಿ, ಏನೂ ಅನ್ನಿಸದು. ಅಷ್ಟೇ ಬಲದಿಂದ ಮೊನೆಯ ಕಡೆಯಿಂದ ಒತ್ತಿ ನೋಡಿ. ಬಲ ಅದೇ, ತಾಗುವ ಜಾಗ ಚಿಕ್ಕದಾಯಿತು, ಒತ್ತಡ ಹೆಚ್ಚಿತು. ನೀರಿನ ಕೊಡ ಹೊರುವ ಅಜ್ಜಿ ತಲೆ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಕೊಡದ ತೂಕ ಒಂದು ಗ್ರಾಂ ಸಹ ಇಳಿಯುವುದಿಲ್ಲ, ಹರಡಿಕೊಳ್ಳುತ್ತದೆ ಅಷ್ಟೆ.

ಪುಟ್ಟಿ 33 ಕಿಲೊ, ಜೀನು 15 ಕಿಲೊ, ಒಟ್ಟು 48. ಎರಡೂ ಹಲಗೆ ಸೇರಿ ಕುದುರೆಯ ಬೆನ್ನಿಗೆ 1,200 ಚದರ ಸೆಂಟಿಮೀಟರ್ ತಾಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ ಒಂದೊಂದು ಚದರ ಸೆಂಟಿಮೀಟರಿನ ಮೇಲೆ, ಅಂದರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, 40 ಗ್ರಾಂ. ಒಂದು ನಿಂಬೆಹಣ್ಣಿನ ಭಾರ. ಇನ್ನು ಅದೇ ಜೀನು ಸರಿಯಾಗಿ ಕೂರದೆ ನಾಲ್ಕು ಮೂಲೆಯಲ್ಲಿ ಮಾತ್ರ ತಾಗಿತೆನ್ನಿ, ಒಂದೊಂದು ಮೂಲೆ 30 ಚದರ ಸೆಂಟಿಮೀಟರ್. ಒಟ್ಟು 120. ಈಗ ಉಗುರಿನಷ್ಟು ಜಾಗದ ಮೇಲೆ 400 ಗ್ರಾಂ! ಹೆಚ್ಚು ಕಡಿಮೆ ಅರ್ಧ ಲೀಟರ್ ಹಾಲಿನ ಪೊಟ್ಟಣವನ್ನು ಒಂದು ಬೆರಳಿನ ತುದಿಯಲ್ಲಿ ಹೊತ್ತ ಹಾಗೆ. ಇದು ಕುದುರೆ ನಿಂತಿರುವಾಗಿನ ಲೆಕ್ಕ. ಕುದುರೆ ಕುಕ್ಕುಲೋಟಕ್ಕೆ ಬಿದ್ದರೆ ಸವಾರ ಕುಪ್ಪಳಿಸಿ ಕುಪ್ಪಳಿಸಿ ಕೂರುವುದರಿಂದ ಬೆನ್ನಿಗೆ ಬೀಳುವ ಬಲ ಸುಮಾರು ಎರಡು ಪಟ್ಟಾಗುತ್ತದೆ.

ಜೀನು ನಾಲ್ಕೇ ಮೂಲೆಯಲ್ಲಿ ತಾಗುವುದು ಹೇಗೆ? ಅಡುಗೆಮನೆಯಿಂದ ಒಂದು ಬಾಳೆಹಣ್ಣು, ನಿಮ್ಮ ಜಾಮಿಟ್ರಿ ಪೆಟ್ಟಿಗೆಯಿಂದ ಒಂದು ಅಳತೆಪಟ್ಟಿ ತನ್ನಿ. ಹಣ್ಣಿನ ತಗ್ಗಿರುವ ಬದಿ ಮೇಲೆ ಬರುವಂತೆ ಹಿಡಿದು ಪಟ್ಟಿ ಇಡಿ. ಎರಡು ತುದಿಗಳಲ್ಲಿ ತಾಗುತ್ತದೆ, ನಡುವೆ ಸೇತುವೆಯಡಿಯ ಹಾಗೆ ಖಾಲಿ. ಬೆನ್ನು ತಗ್ಗಿದ ಕುದುರೆಗೆ ನೇರ ಹಲಗೆಯ ಜೀನು ಹಾಕಿದರೆ ಆಗುವುದು ಇದೇ, ಸವಾರರು ಅದನ್ನು ಕರೆಯುವುದೂ ಸೇತುವೆ ಎಂದೇ. ಈಗ ಹಣ್ಣನ್ನು ತಿರುಗಿಸಿ, ಉಬ್ಬಿರುವ ಬದಿ ಮೇಲೆ ಬರಲಿ. ಪಟ್ಟಿ ನಡುವೆ ಮಾತ್ರ ತಾಗಿ ತೂಗುಕುದುರೆಯ ಹಾಗೆ ಮುಂದೆ ಹಿಂದೆ ಓಲಾಡುತ್ತದೆ. ಬೆನ್ನು ನೇರವಾಗಿರುವ ಕುದುರೆಗೆ ಬಾಗಿದ ಹಲಗೆ ಹಾಕಿದರೆ ಹೀಗಾಗುತ್ತದೆ. ಪ್ರಯೋಗ ಮುಗಿದ ಮೇಲೆ ಹಣ್ಣು ತಿನ್ನಬಹುದು.

ಉದ್ದಕ್ಕೆ ಬಾಗುವ ಮಾತು ಇದಾಯಿತು. ಅಡ್ಡಕ್ಕೂ ಒಂದು ಇಳಿಜಾರು ಇದೆ. ಮಲೆನಾಡಿನ ಮನೆಗಳ ಮಾಡು ಕಡಿದಾಗಿ ಇಳಿಯುತ್ತದೆ, ಮಳೆ ಕಡಿಮೆಯಿರುವ ಕಡೆ ಅಷ್ಟೊಂದು ಇಳಿಜಾರು ಬೇಕಾಗದು. ಕಡಿದಾದ ಮಾಡಿಗೆಂದು ಕೂಡಿಸಿದ ಜಂತಿಯನ್ನು ತಂದು ಅಗಲ ಮಾಡಿನ ಮನೆಗೆ ಹೊದಿಸಲಾದೀತೆ? ಕುದುರೆಗಳ ಬೆನ್ನೂ ಹಾಗೇ. ಕೆಲವಕ್ಕೆ ಕಿರಿದು, ಕಡಿದು; ಕೆಲವಕ್ಕೆ ಅಗಲ, ಸಪಾಟು. ಬಿಸ್ಕತ್ತು ಕ್ವಾರ್ಟರ್ ಹಾರ್ಸ್ ತಳಿಯದು. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಓಟದಲ್ಲಿ ಮಿಂಚುವುದರಿಂದ ಆ ಹೆಸರು. ತುಂಬಿದ ಮಾಂಸಖಂಡ, ಅಗಲ ಬೆನ್ನು. ವೆಸ್ಟರ್ನ್ ಜೀನು ಕೊಳ್ಳಲು ಹೋದರೆ ‘ಫುಲ್ ಕ್ವಾರ್ಟರ್ ಹಾರ್ಸ್ ಬಾರ್’, ‘ಸೆಮಿ ಕ್ವಾರ್ಟರ್ ಹಾರ್ಸ್ ಬಾರ್’ ಎಂದು ಅಗಲವನ್ನು ಈ ತಳಿಯ ಹೆಸರಿನಲ್ಲೇ ಹೇಳುತ್ತಾರೆ. ಆದರೆ ಈ ಅಳತೆಗಳನ್ನು ನೆಚ್ಚಿಕೊಳ್ಳಬೇಡಿ. ಒಬ್ಬ ತಯಾರಕನ ‘ಫುಲ್’ ಇನ್ನೊಬ್ಬನ ‘ಸೆಮಿ’ಗೆ ಸಮನಾಗಿರಬಹುದು, ನಮ್ಮ ಚಪ್ಪಲಿ ಅಂಗಡಿಗಳ ನಂಬರಿನ ಹಾಗೆ. ಹಾಕಿ ನೋಡಿದರೇ ಗೊತ್ತಾಗುವುದು.

ಇಂಗ್ಲಿಷ್ ಜೀನಿನ ಸವಾರರಿಗೆ ಇಲ್ಲೊಂದು ಗೊಂದಲ. ಅವರ ಜೀನಿನ ಕೆಳಬದಿಯಲ್ಲಿ ಉಣ್ಣೆ ತುಂಬಿದ ಎರಡು ದಿಂಡುಗಳಿರುತ್ತವೆ. ಒಂದು ಕಡೆ ತಗ್ಗಾಯಿತೆಂದರೆ ಜೀನುಗಾರ ಇನ್ನಷ್ಟು ಉಣ್ಣೆ ತುಂಬಿ ಸರಿಮಾಡಿಕೊಡುತ್ತಾನೆ. ಅದು ಹಾಸಿಗೆಯನ್ನೂ ಸೇರಿಸಿ ಹೊಲಿದ ಮಂಚ. ವೆಸ್ಟರ್ನ್ ಜೀನು ಬರೀ ಮಂಚ. ಹಾಸಿಗೆ ಬೇರೆ, ಅದನ್ನು ಕುದುರೆಯ ಬೆನ್ನಿಗೆ ಮೊದಲು ಹಾಸಿ ಮೇಲೆ ಜೀನು ಇಡಬೇಕು. ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಪ್ಯಾಡ್, ಮುಕ್ಕಾಲು ಇಂಚೋ ಒಂದು ಇಂಚೋ ಇರುತ್ತದೆ. ಪುಟ್ಟಿಗೆ ಬೆಂಗಳೂರಿನಲ್ಲಿ ಜೀನಿನ ಕೆಳಗೆ ತೆಳ್ಳನೆ ಬಟ್ಟೆ ಹಾಕಿ ರೂಢಿ.

“ಹಾಗಾದ್ರೆ ಎರಡು ಪ್ಯಾಡ್ ಹಾಕಿಬಿಡೋಣ, ಇನ್ನೂ ಮೆತ್ತಗಿರತ್ತೆ,” ಅಂದಳು. ಬುದ್ಧಿವಂತ ಮಾತೇ. ಆದರೆ ಬಿಗಿಯಾದ ಶೂಗೆ ಎರಡು ಜೊತೆ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋಗಿ ನೋಡಿ, ಸಂಜೆ ಕಾಲು ಹೇಳುತ್ತದೆ. ಪ್ಯಾಡ್ ದಪ್ಪವಾದಷ್ಟೂ ಜೀನು ಕಿರಿದಾದ ಹಾಗೆ. ಇನ್ನೊಂದು ತೊಂದರೆ, ಎತ್ತರಕ್ಕೇರಿದ ಜೀನು ಪಕ್ಕಕ್ಕೆ ವಾಲಲು ಶುರುಮಾಡುತ್ತದೆ. ಮರ ಕುದುರೆಗೆ ಹೊಂದದಿದ್ದರೆ ಪ್ಯಾಡ್ ಸ್ವಲ್ಪ ಹೊತ್ತು ಅದನ್ನು ಮುಚ್ಚಿಡುತ್ತದೆ, ಅಷ್ಟೇ. ಅದಕ್ಕೇ ಅಜ್ಜ ಪ್ಯಾಡನ್ನು ಪಕ್ಕಕ್ಕಿಟ್ಟು ಬರಿ ಬೆನ್ನಿನ ಮೇಲೆ ಜೀನಿಟ್ಟು ಪರೀಕ್ಷೆ ಮಾಡಿದರು. ಆ ಪರೀಕ್ಷೆಯನ್ನು ನಾನು ಹತ್ತಿರದಿಂದ ನೋಡಿದೆ.

ಮೊದಲು ಜೀನನ್ನು ಬೇಕೆಂದೇ ಕೊಂಚ ಮುಂದಕ್ಕೆ, ಕುತ್ತಿಗೆಯ ಕಡೆಗೆ ಇಟ್ಟರು. ಆಮೇಲೆ ಕೊಂಬು ಹಿಡಿದು ಅಲುಗಾಡಿಸುತ್ತಾ ಹಿಂದಕ್ಕೆ ಜಾರಿಸಿದರು. ಯಾವಾಗಲೂ ಮುಂದಿನಿಂದ ಹಿಂದಕ್ಕೇ ಜಾರಿಸಬೇಕು, ಕೂದಲು ಮಲಗಿರುವ ದಿಕ್ಕು ಅದು. ಹಿಂದಿನಿಂದ ಮುಂದಕ್ಕೆ ತಳ್ಳಿದರೆ ಕೂದಲು ಉಲ್ಟಾ ಎದ್ದು ಜೀನಿನಡಿ ಚುಚ್ಚುತ್ತದೆ. ಜಾರುತ್ತಾ ಬಂದ ಜೀನು ಹೆಗಲ ಮೂಳೆ ದಾಟಿದ್ದೇ ತಾನಾಗಿ ಒಂದು ಕಡೆ ನಿಂತಿತು, ಒರಳಿನಲ್ಲಿ ಗುಂಡು ಕೂತ ಹಾಗೆ. ಪುಟ್ಟಿ ಮೊದಲು ಇಟ್ಟಿದ್ದ ಜಾಗಕ್ಕಿಂತ ನಾಲ್ಕು ಬೆರಳು ಹಿಂದೆ!

ಆಮೇಲೆ ಅಜ್ಜ ಅಂಗೈಯನ್ನು ಚಪ್ಪಟೆ ಮಾಡಿ, ಹಲಗೆಗೂ ಕುದುರೆಯ ಮೈಗೂ ನಡುವೆ ಮುಂದಿನಿಂದ ತೂರಿಸಿ ಹಿಂದಿನವರೆಗೂ ನಿಧಾನವಾಗಿ ಎಳೆದರು. ಪುಟ್ಟಿಯಿಂದಲೂ ಮಾಡಿಸಿದರು. ಎಲ್ಲೂ ಕೈ ಕಚ್ಚಿಕೊಳ್ಳಬಾರದು, ಎಲ್ಲೂ ಸಡಿಲ ಬೀಳಲೂಬಾರದು. ಇಂಗ್ಲಿಷ್ ಜೀನಾಗಿದ್ದರೆ ಪಕ್ಕದ ಚರ್ಮ ಎತ್ತಿ ಕಣ್ಣಿನಿಂದಲೇ ಒಂದಿಷ್ಟು ನೋಡಬಹುದು. ಇಲ್ಲಿ ಚರ್ಮದ ಮೇಲೆ ಚರ್ಮ, ಕಣ್ಣು ಕೆಲಸಕ್ಕೆ ಬಾರದು. ಕೈಯೇ ನೋಡಬೇಕು.

ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಕುದುರೆಗೆ ಒಂದು ದಿಬ್ಬವಿದೆ. ಅದು ಕೊಬ್ಬೂ ಅಲ್ಲ, ಮಾಂಸವೂ ಅಲ್ಲ. ಬೆನ್ನುಮೂಳೆಯ ಮಣಿಗಳಿಂದ ಮೇಲಕ್ಕೆ ಚಾಚಿದ ಉದ್ದುದ್ದ ಮುಳ್ಳುಗಳು. ಜೀನಿನ ಮುಂಭಾಗದ ಕಮಾನು ಅದರ ಮೇಲೆ ಗುಡಿಯ ಬಾಗಿಲಿನಂತೆ ನಿಲ್ಲಬೇಕು, ದಿಬ್ಬಕ್ಕೂ ಕಮಾನಿಗೂ ನಡುವೆ ಎರಡು ಮೂರು ಬೆರಳು ಆಡುವಷ್ಟು ಜಾಗ ಬಿಟ್ಟು. ಸವಾರ ಕೂತ ಮೇಲೆ ಜೀನು ಇನ್ನಷ್ಟು ಕುಸಿಯುತ್ತದೆ, ಆಗಲೂ ಜಾಗ ಉಳಿದಿರಬೇಕು. ಪ್ಯಾಡ್ ಹಾಸಿದ ಮೇಲೂ ಅದನ್ನು ಕಮಾನಿನೊಳಗೆ ಬೆರಳಿನಿಂದ ಮೇಲಕ್ಕೆತ್ತಿ ಗೂಡು ಮಾಡಿಬಿಡಬೇಕು, ಇಲ್ಲದಿದ್ದರೆ ಪ್ಯಾಡೇ ಬಿಗಿದು ದಿಬ್ಬವನ್ನು ಒತ್ತುತ್ತದೆ.

ಹಿಂದಿನ ಎಲ್ಲೆ ಎಲ್ಲಿ? ನಮಗೆ 12 ಜೊತೆ ಪಕ್ಕೆಲುಬು, ಕುದುರೆಗೆ ಸಾಮಾನ್ಯವಾಗಿ 18. ಹದಿನೆಂಟನೆಯದು ಮುಗಿದ ಮೇಲೆ ಬೆನ್ನಿಗೆ ಕೆಳಗಿನಿಂದ ಪಕ್ಕೆಲುಬಿನ ಆಸರೆ ಇಲ್ಲ. ಭಾರ ಹೊರುವ ಹಲಗೆ ಅದನ್ನು ದಾಟಿ ಹೋಗಬಾರದು. ಇಲ್ಲೂ ಅಷ್ಟೇ, ಚರ್ಮ ದಾಟಿದರೆ ಗಾಬರಿ ಬೇಡ, ಮರ ದಾಟಬಾರದು.

ಇನ್ನು ಹೊಟ್ಟೆಯ ಪಟ್ಟಿ. ವೆಸ್ಟರ್ನ್ ಜೀನಿನಲ್ಲಿ ಅದಕ್ಕೆ ಸಿಂಚ್ ಅನ್ನುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಬೆಲ್ಟಿನ ಹಾಗೆ ಬಕಲು, ತೂತು. ಒಂದು ತೂತು, ಎರಡು ತೂತು ಅಂತ ಏರಿಸುತ್ತಾ ಹೋಗುವುದು. ಇಲ್ಲಿ ಜೀನಿನಿಂದ ಇಳಿಬಿದ್ದ ಉದ್ದನೆಯ ಚರ್ಮದ ಪಟ್ಟಿಯೊಂದಿದೆ, ಹೆಸರು ಲ್ಯಾಟಿಗೊ. ಅದನ್ನು ಸಿಂಚಿನ ಬಳೆಯೊಳಗೆ ತೂರಿಸಿ, ಮೇಲೆ ಜೀನಿನ ಬಳೆಗೆ ಹಾಕಿ, ಮತ್ತೆ ಕೆಳಗೆ, ಮತ್ತೆ ಮೇಲೆ ಎಂದು ಸುತ್ತಿ ಎಳೆಯಬೇಕು. ಕೊನೆಗೆ ಒಂದು ಗಂಟು. ಶಾಲೆಗೆ ಟೈ ಕಟ್ಟಿಕೊಂಡು ಹೋಗುವ ಮಕ್ಕಳಿಗೆ ಇದು ಆಗಲೇ ಬರುತ್ತದೆ, ಹೆಚ್ಚು ಕಡಿಮೆ ಅದೇ ಗಂಟು!

ಈ ಸುತ್ತಿನಲ್ಲಿ ಒಂದು ಚಮತ್ಕಾರವಿದೆ. ಬಾವಿಯ ರಾಟೆ ಹಗ್ಗದ ದಿಕ್ಕನ್ನಷ್ಟೇ ಬದಲಿಸುತ್ತದೆ, ಕೊಡದ ಭಾರವನ್ನೆಲ್ಲ ನೀವೇ ಎಳೆಯಬೇಕು. ಆದರೆ ರಾಟೆಯೇ ಮೇಲೇರುವ ಭಾರಕ್ಕೆ ಅಂಟಿಕೊಂಡಿದ್ದರೆ ಭಾರ ಎರಡು ಎಳೆಗಳಿಗೆ ಹಂಚಿಹೋಗುತ್ತದೆ, ನಿಮ್ಮ ಪಾಲಿಗೆ ಅರ್ಧ. ಸಿಂಚಿನ ಬಳೆ ಅಂಥ ಚಲಿಸುವ ರಾಟೆ. ಲ್ಯಾಟಿಗೊವನ್ನು ಅದರಲ್ಲಿ ಎರಡು ಸಲ ತೂರಿಸಿದರೆ ನಾಲ್ಕು ಎಳೆ. ಚರ್ಮ ಬಳೆಗೆ ಉಜ್ಜುವುದರಿಂದ ಒಂದಷ್ಟು ಬಲ ನಷ್ಟವಾಗುತ್ತದೆ ನಿಜ, ಆದರೂ ಹನ್ನೊಂದರ ಹುಡುಗಿಯ ಕೈ ದೊಡ್ಡವರ ಕೈಯಷ್ಟೇ ಬಿಗಿಯಾಗಿ ಎಳೆಯಬಲ್ಲದು. ಅಪಾಯವೂ ಅಲ್ಲೇ ಇದೆ. ಬೆಂಗಳೂರಿನಲ್ಲಿ ಮೈಬಲವೆಲ್ಲ ಹಾಕಿ ಬಕಲು ಏರಿಸುತ್ತಿದ್ದವಳು ಅದೇ ಹುರುಪಿನಲ್ಲಿ ಇಲ್ಲಿ ಎಳೆದಿದ್ದಳು. ಪಾಪ ಬಿಸ್ಕತ್ತು ಮೂಗರಳಿಸಿ ನಿಂತಿತ್ತು.

ಸರಿಯಾದ ರೀತಿ ಇದು: ಕುದುರೆಯ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಸಿಂಚ್ ಬರಬೇಕು. ಮೊದಲು ಜೀನು ಜಾರದಷ್ಟು ಮಾತ್ರ ಬಿಗಿ. ಆಮೇಲೆ ಕುದುರೆಯನ್ನು ಹತ್ತಿಪ್ಪತ್ತು ಹೆಜ್ಜೆ ನಡೆಸಿ ಇನ್ನೊಂದಿಷ್ಟು. ಕೆಲವು ಕುದುರೆಗಳು ಪಟ್ಟಿ ಬಿಗಿಯುವಾಗ ಮೈ ಬಿಗಿಹಿಡಿದು ಉಬ್ಬಿಸಿ ನಿಲ್ಲುತ್ತವೆ, ನಡೆದರೆ ಸಡಿಲಗೊಳ್ಳುತ್ತವೆ. ಹತ್ತುವ ಮುಂಚೆ ಮತ್ತೊಮ್ಮೆ ನೋಡಲೇಬೇಕು. ಇಂಗ್ಲಿಷ್ ಸವಾರರು ಕುದುರೆ ಮೇಲೆ ಕೂತೇ ಕಾಲೆತ್ತಿ ಪಟ್ಟಿ ಬಿಗಿದುಕೊಳ್ಳುತ್ತಾರೆ. ಇಲ್ಲಿ ಗಂಟು ನಿಮ್ಮ ಕಾಲಿನ ಕೆಳಗೆ ದಪ್ಪ ಚರ್ಮದಡಿ ಇರುತ್ತದೆ, ಮೇಲೆ ಕೂತ ಮೇಲೆ ಕೈಗೆ ಸಿಗುವುದು ಕಷ್ಟ.

ಹಲವು ಜೀನುಗಳಿಗೆ ಹಿಂದೆ ಎರಡನೆಯ ಪಟ್ಟಿಯೂ ಇರುತ್ತದೆ. ಪುಟ್ಟಿ ಅದನ್ನು ನೋಡಿ ಅಲಂಕಾರ ಅಂದುಕೊಂಡು ಜೋಲಾಡಲು ಬಿಟ್ಟಿದ್ದಳು. ಕೊಂಬಿಗೆ ಸುತ್ತಿದ ಹಗ್ಗವನ್ನು ಹೋರಿ ಮುಂದಕ್ಕೆ ಜಗ್ಗಿದಾಗ ಏನಾಗುತ್ತದೆ ಯೋಚಿಸಿ. ಕೊಂಬು ಮುಂದಕ್ಕೆ ಬಾಗುತ್ತದೆ, ಜೀನಿನ ಹಿಂಭಾಗ ಎದ್ದುಬಿಡುತ್ತದೆ, ಎಲ್ಲ ಭಾರ ಹಲಗೆಯ ಮುಂದಿನ ಮೂತಿಯ ಮೇಲೆ. ಹಾಗೆ ಏಳದಂತೆ ಹಿಡಿಯುವುದು ಆ ಹಿಂದಿನ ಪಟ್ಟಿ. ಅದು ಹೊಟ್ಟೆಗೆ ಮುಟ್ಟಿಯೂ ಮುಟ್ಟದ ಹಾಗಿರಬೇಕು. ಜೋಲು ಬಿಟ್ಟರೆ ಕುದುರೆ ಹೊಟ್ಟೆಯ ಮೇಲಿನ ನೊಣ ಓಡಿಸಲು ಹಿಂಗಾಲೆತ್ತಿದಾಗ ಗೊರಸು ಅದರಲ್ಲಿ ಸಿಕ್ಕಿಕೊಳ್ಳಬಹುದು. ಕಟ್ಟುವಾಗ ಮುಂದಿನದು ಮೊದಲು, ಬಿಚ್ಚುವಾಗ ಹಿಂದಿನದು ಮೊದಲು. ಹಿಂದಿನದೊಂದೇ ಕಟ್ಟಿರುವಾಗ ಕುದುರೆ ಬೆದರಿದರೆ ಜೀನು ತಿರುಗಿ ಹೊಟ್ಟೆಯಡಿಗೆ ಹೋಗುತ್ತದೆ, ಆಮೇಲೆ ಆ ಕುದುರೆಯನ್ನು ಹಿಡಿಯುವವರು ಯಾರು?

ಸವಾರನ ಅಳತೆಯ ಬಗ್ಗೆ ಎರಡೇ ಮಾತು. ಪುಟ್ಟಿಯ ಇಂಗ್ಲಿಷ್ ಜೀನು 15 ಇಂಚು. ಇಲ್ಲಿ 13 ಇಂಚಿನದು ಕೊಟ್ಟಾಗ ಅವಳಿಗೆ ಸಿಟ್ಟು, “ನಾನೇನು ಚಿಕ್ಕವಳಾದ್ನಾ?” ಎಂದು. ಅಳೆಯುವ ಜಾಗವೇ ಬೇರೆ. ಒಂದರಲ್ಲಿ ಮುಂದಿನ ಬದಿಯ ಗುಂಡಿಯಿಂದ ಹಿಂದಿನ ಏರಿನವರೆಗೆ, ಇನ್ನೊಂದರಲ್ಲಿ ಕೊಂಬಿನ ಬುಡದಿಂದ ಹಿಂದಿನ ಏರಿನವರೆಗೆ. ಅದಕ್ಕೇ ಸುಮಾರು 2 ಇಂಚು ಕಡಿಮೆ. ರಿಕಾಪು, ಅಂದರೆ ಕಾಲಿಡುವ ಕೊಂಡಿ, ಇಲ್ಲಿ ಉದ್ದಕ್ಕೆ ಇಳಿಬಿಟ್ಟಿರುತ್ತಾರೆ. ಅದರ ಮೇಲೆ ಎದ್ದು ನಿಂತರೆ ಕೂರುವ ಜಾಗದಿಂದ ಒಂದು ಮುಷ್ಟಿ ಮೇಲೇಳಬೇಕು, ಅಷ್ಟೇ. ರಿಕಾಪಿಗೆ ನಮ್ಮ ಹಳೆಯ ಕನ್ನಡದಲ್ಲಿ ಅಂಕವಣಿ ಎಂಬ ಚಂದದ ಹೆಸರಿದೆ, ಜೀನಿಗೆ ಹಲ್ಲಣ ಎಂದು. ಪುಟ್ಟಿ ಟೆಕ್ಸಾಸ್‌ನ ಗೆಳತಿಯರಿಗೆ ಈ ಎರಡು ಪದ ಕಲಿಸಿದ್ದಾಳಂತೆ.

ಅರ್ಧ ಗಂಟೆ ಸವಾರಿ ಮಾಡಿ ಬಂದ ಮೇಲೆ ಪ್ಯಾಡ್ ತೆಗೆದಾಗ ನಿಜವಾದ ಪತ್ತೇದಾರಿ ಕೆಲಸ. ಕುದುರೆ ನಮ್ಮ ಹಾಗೇ ಬೆವರುತ್ತದೆ, ಅದರ ಬೆವರಿನಲ್ಲಿ ಲ್ಯಾದರಿನ್ ಎಂಬ ಪ್ರೋಟೀನ್ ಇರುವುದರಿಂದ ಸೋಪಿನ ಹಾಗೆ ನೊರೆಯೂ ಬರುತ್ತದೆ. ಜೀನು ಸರಿಯಾಗಿ ಕೂತಿದ್ದರೆ ಬೆನ್ನುಮೂಳೆಯ ಎರಡೂ ಕಡೆ ಒಂದೇ ಸಮ ಒದ್ದೆ, ನಡುವಿನ ಓಣಿ ಒಣಗಿರುತ್ತದೆ. ಒದ್ದೆಯ ನಡುವೆ ಅಂಗೈಯಗಲ ಒಣ ಮಚ್ಚೆ ಕಂಡರೆ ಅನುಮಾನ ಪಡಬೇಕು. ಅಲ್ಲಿ ಎರಡರಲ್ಲಿ ಒಂದಾಗಿರಬಹುದು. ಒತ್ತಡ ವಿಪರೀತವಾಗಿ ಅಲ್ಲಿನ ಚರ್ಮ ಬೆವರಲಾರದೆ ಹೋಗಿರಬಹುದು. ಇಲ್ಲವೇ ಜೀನು ಅಲ್ಲಿ ತಾಗದೆ ಗಾಳಿಯಾಡಿ ಒಣಗಿರಬಹುದು. ಬಾಳೆಹಣ್ಣಿನ ಸೇತುವೆ ನೆನಪಿದೆಯಲ್ಲ? ಅಂಥ ಜೀನಿನಲ್ಲಿ ಎರಡು ತುದಿಯೂ ಒಣ, ನಡುವೂ ಒಣ, ಕಾರಣ ಮಾತ್ರ ಬೇರೆ ಬೇರೆ! ಯಾವುದು ಯಾವುದೆಂದು ತಿಳಿಯಲು ಮರುದಿನ ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಒತ್ತಡ ಬಿದ್ದಿದ್ದರೆ ಕುದುರೆ ಬೆನ್ನನ್ನು ತಗ್ಗಿಸಿ ತಪ್ಪಿಸಿಕೊಳ್ಳುತ್ತದೆ.

ಬಿಸ್ಕತ್ತಿನ ಬೆನ್ನ ಮೇಲೆ ಆ ದಿನ ಒಣ ಮಚ್ಚೆ ಇರಲಿಲ್ಲ. ಆದರೆ ದಿಬ್ಬದ ಎರಡೂ ಪಕ್ಕಕ್ಕೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಕೂದಲ ಗುರುತುಗಳು ಕಂಡವು. ಹುಟ್ಟಿನಿಂದ ಬಂದ ಬೊಟ್ಟು ಎಂದುಕೊಂಡೆವು. ಅಜ್ಜ ಅಲ್ಲವೆಂದರು. ಇಲ್ಲಿಗೆ ಬರುವ ಮೊದಲು ಯಾರೋ ವರ್ಷಗಟ್ಟಲೆ ಕಿರಿದಾದ ಜೀನು ಹಾಕಿ ಸವಾರಿ ಮಾಡಿದ್ದರಂತೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಡ ಬಿದ್ದರೆ ಅಲ್ಲಿನ ನವಿರಾದ ರಕ್ತನಾಳಗಳು ಅಮುಕಿಹೋಗಿ ರಕ್ತ ಹರಿಯುವುದಿಲ್ಲ. ಕೂದಲಿನ ಬುಡದಲ್ಲಿ ಬಣ್ಣ ತುಂಬುವ ಕೋಶಗಳಿವೆ, ಅವು ಸಾಯುತ್ತವೆ. ಕೂದಲು ಬೆಳೆಯುತ್ತದೆ, ಬಣ್ಣ ಬರುವುದಿಲ್ಲ. ಪುಟ್ಟಿ ಆ ಗುರುತುಗಳ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತಿದ್ದಳು. ಸೋಮಾರಿ ಎಂದದ್ದು ನೆನಪಾಯಿತೇನೋ, ಜೇಬಿನಿಂದ ಕ್ಯಾರೆಟ್ ತೆಗೆದು ಕೊಟ್ಟಳು.

ಇನ್ನೊಂದು ಸಲ ನೀವು ಊಟಿಯ ಕೆರೆಯ ದಂಡೆಗೋ ಯಾವುದಾದರೂ ಜಾತ್ರೆಗೋ ಹೋದಾಗ ಸವಾರಿ ಕುದುರೆಗಳನ್ನು ಕಂಡರೆ, ಹತ್ತುವ ಮೊದಲು ಜೀನಿನ ಅಂಚಿನ ಸುತ್ತ ಇಂಥ ಬಿಳಿ ಕೂದಲು ಇದೆಯೇ ನೋಡಿ. ಕುದುರೆಯವರನ್ನು ಕೇಳಿಕೊಂಡೇ ಹತ್ತಿರ ಹೋಗಿ, ಹೆಗಲಿನ ಕಡೆಯಿಂದ ಹೋಗಿ. ಹಿಂದಿನಿಂದ ಬೇಡ. ಸುತ್ತಲಿನದು ಬಹುಪಾಲು ಕಾಣುವ ಅಷ್ಟು ದೊಡ್ಡ ಕಣ್ಣುಗಳಿದ್ದರೂ, ಬಾಲದ ನೇರ ಹಿಂದೆ ನಿಂತವರು ಕುದುರೆಗೆ ಕಾಣುವುದಿಲ್ಲ.